ಪಿಸ್ತೂಲು ಯಾವುದು, ರೈಫಲ್ ಯಾವುದು?

ಕೆಲವು ತಿಂಗಳ ಹಿಂದೆ ಒಂದು ಗುರುವಾರ ಸಂಜೆ ನನ್ನ ಹಳೆಯ ಸ್ನೇಹಿತರೊಬ್ಬರು ಮನೆಗೆ ಬಂದರು. ನಿವೃತ್ತ ಉಪಾಧ್ಯಾಯರು. ಬಂದೂಕಿನ ಮಾತು ಹಾಗಿರಲಿ, ದೀಪಾವಳಿಯ ಪಟಾಕಿಯನ್ನೂ ಬಾಗಿಲ ಮರೆಯಿಂದ ನೋಡುವ ಪೈಕಿ. ಕುಳಿತವರೇ ಕನ್ನಡಕ ಏರಿಸಿಕೊಂಡು ತಮ್ಮ ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿ, "ರಾಯರೆ, ನೀವು ಕಾನೂನು ಓದಿದವರು. ಇದೇನು ಹೇಳಿ ನೋಡೋಣ," ಎಂದರು.

"ಸೈನ್ಯದವರು ಹಿಡಿಯುವ ರೈಫಲ್ಲಿನ ಹಾಗಿದೆಯಲ್ಲ, ಮೇಷ್ಟ್ರೆ," ಎಂದೆ.

"ಅಲ್ಲವಂತೆ. ಇದು ಪಿಸ್ತೂಲಂತೆ! ಒಂದೂವರೆ ಮೊಳ ಇದೆ, ನಮ್ಮ ಹುಡುಗ ಇದನ್ನ ಪಿಸ್ತೂಲು ಅಂತಾನೆ."

ಹುಡುಗ ಅಮೆರಿಕದ ಟೆಕ್ಸಾಸಿನಲ್ಲಿ ಇಂಜಿನಿಯರು. ಚಿತ್ರದಲ್ಲಿ ಇದ್ದುದು ಅವನದಲ್ಲ, ಅವನ ಜೊತೆಗೆ ಕೆಲಸ ಮಾಡುವ ಅಮೆರಿಕದವನೊಬ್ಬನದು. ಅದನ್ನು ನೋಡಿ ಇವನಿಗೂ ಆಸೆಯಾಯಿತು. ಅಂಥದೊಂದನ್ನು ಬಿಡಿಭಾಗಗಳಿಂದ ತಾನೇ ಜೋಡಿಸಬೇಕೆಂದು ಹೊರಟಿದ್ದ. ನಳಿಗೆ, ಹಿಡಿ, ಸ್ಪ್ರಿಂಗು, ಸಣ್ಣಪುಟ್ಟ ಮೊಳೆಗಳು ಎಲ್ಲವೂ ಒಂದೊಂದಾಗಿ ಪಾರ್ಸೆಲ್ಲಿನಲ್ಲಿ ಬಂದು ಅವನ ಅಡಿಗೆಮನೆಯ ಮೇಜಿನ ಮೇಲೆ ಕೂತಿದ್ದವು. ಒಂದು ಭಾಗ ಮಾತ್ರ ಬಾಕಿ. ಅದನ್ನು ಶನಿವಾರ ಅಂಗಡಿಗೆ ಹೋಗಿ ತರಬೇಕಾಗಿತ್ತು. ತಂದೆಗೆ ತಿಳಿಯಬೇಕಾಗಿದ್ದುದು ಇಷ್ಟೇ: ಇದರಲ್ಲಿ ಕಾನೂನಿನ ತಪ್ಪೇನಾದರೂ ಉಂಟೇ?

ಈಗ ನಮ್ಮ ಊರುಗಳಲ್ಲಿ ಬೀದಿಗೆ ಒಂದೆರಡು ಮನೆಯ ಮಕ್ಕಳಾದರೂ ಆ ದೇಶದಲ್ಲಿದ್ದಾರೆ. ಇದನ್ನು ಕೇಳುತ್ತಿರುವ ನಿಮ್ಮ ಮನೆಯವರೂ ಇರಬಹುದು. ಆದ್ದರಿಂದ ಆ ದಿನ ಮೇಷ್ಟ್ರಿಗೆ ಹೇಳಿದುದನ್ನೂ, ಹೇಳಲು ಮೊದಲು ಮರೆತುದನ್ನೂ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ವಸ್ತುವಿನ ಪರಿಚಯ. ಏ.ಆರ್.-15 ಎಂಬ ಹೆಸರನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಇದು 1950ರ ದಶಕದಲ್ಲಿ ಯೂಜೀನ್ ಸ್ಟೋನರ್ ಎಂಬ ಇಂಜಿನಿಯರು ಆರ್ಮಲೈಟ್ ಎಂಬ ಕಂಪನಿಯಲ್ಲಿ ರೂಪಿಸಿದ ಬಂದೂಕು. 1959ರಲ್ಲಿ ಕೋಲ್ಟ್ ಕಂಪನಿ ಅದರ ಹಕ್ಕನ್ನು ಕೊಂಡಿತು. ಹೆಸರಿನ ಮೊದಲ ಎರಡು ಅಕ್ಷರಗಳು ಆರ್ಮಲೈಟ್ ರೈಫಲ್ ಎಂಬುದರ ಸಂಕ್ಷೇಪವೇ ಹೊರತು ಅನೇಕರು ತಿಳಿದಿರುವಂತೆ ಬೇರೆ ಭಯಂಕರವಾದ ಅರ್ಥವೇನೂ ಇಲ್ಲ. ಪೇಟೆಂಟಿನ ಅವಧಿ ಮುಗಿದ ಮೇಲೆ ಹಲವಾರು ಕಂಪನಿಗಳು ಅದರ ಭಾಗಗಳನ್ನು ಮಾಡತೊಡಗಿದವು. ನಮ್ಮ ಸೈಕಲ್ ಅಂಗಡಿಯಲ್ಲಿ ಒಂದು ಕಂಪನಿಯ ಚಕ್ರಕ್ಕೆ ಇನ್ನೊಂದು ಕಂಪನಿಯ ಹ್ಯಾಂಡಲನ್ನು ಕೂಡಿಸುವುದಿಲ್ಲವೆ, ಹಾಗೆ. ಉದ್ದ ನಳಿಗೆ ಹಾಕಿ, ಭುಜಕ್ಕೆ ಆನಿಸುವ ಹಿಂಬುಡವನ್ನು ಸೇರಿಸಿದರೆ ರೈಫಲ್. ಅದೇ ಒಡಲಿಗೆ ಚಿಕ್ಕ ನಳಿಗೆ ಹಾಕಿ, ಹಿಂಬುಡವನ್ನು ಬಿಟ್ಟರೆ ಪಿಸ್ತೂಲು. ಉದ್ದ ಅಷ್ಟು ಇದ್ದರೂ ಪಿಸ್ತೂಲೇ. ಮೇಷ್ಟ್ರ ಮಗ ಹೇಳಿದುದು ಸುಳ್ಳಲ್ಲ.

ಈ ಭಾಗಗಳಲ್ಲೆಲ್ಲ ಕಾನೂನಿನ ಕಣ್ಣಿಗೆ 'ಕೋವಿ' ಎನ್ನಿಸಿಕೊಳ್ಳುವುದು ಒಂದೇ ಒಂದು. ಅದಕ್ಕೆ ರಿಸೀವರ್ ಎಂದು ಹೆಸರು. ಕುದುರೆಯ ಯಂತ್ರವನ್ನು ಒಳಗಿಟ್ಟುಕೊಂಡಿರುವ ಲೋಹದ ಒಡಲು. ಗುಂಡು ಹಾರಿಸಲಾರದ, ಸಾಂಬಾರಿನ ಸೌಟಿಗಿಂತ ನಿರಪಾಯವಾಗಿ ಕಾಣುವ ಆ ಖಾಲಿ ತುಂಡನ್ನು 1968ರ ಕೋವಿ ನಿಯಂತ್ರಣ ಶಾಸನವು ಪೂರ್ಣ ಕೋವಿಯೆಂದೇ ಎಣಿಸುತ್ತದೆ. ಮಿಕ್ಕುದೆಲ್ಲ ಬರಿಯ ಸಾಮಾನು, ಪಾರ್ಸೆಲ್ಲಿನಲ್ಲಿ ಬರಬಹುದು. ರಿಸೀವರ್ ಮಾತ್ರ ಲೈಸೆನ್ಸು ಪಡೆದ ಅಂಗಡಿಯ ಮೂಲಕ, ಅರ್ಜಿ ತುಂಬಿ, ಹಿನ್ನೆಲೆಯ ತನಿಖೆ ಮುಗಿದ ಮೇಲೆ ಕೈಗೆ ಬರಬೇಕು. ಅದು ಇನ್ನೂ ರೈಫಲ್ಲೂ ಅಲ್ಲ, ಶಾಟ್‌ಗನ್ನೂ ಅಲ್ಲ; ಆದ್ದರಿಂದ ಅಂಗಡಿಯಲ್ಲಿ ಕೊಳ್ಳುವವನಿಗೆ 21 ವರ್ಷ ತುಂಬಿರಬೇಕು. ಕೊಂಡವನು ಸ್ವಂತದ ಉಪಯೋಗಕ್ಕೆ ಜೋಡಿಸಿಕೊಳ್ಳುವುದಕ್ಕೆ ಒಕ್ಕೂಟದ ಕಾನೂನಿನಲ್ಲಿ ತಯಾರಕರ ಲೈಸೆನ್ಸು ಬೇಡ. ಮಾರುವ ವ್ಯಾಪಾರಕ್ಕೆ ಇಳಿದರೆ ಬೇಕು.

ಇಷ್ಟು ಕೇಳಿ ಮೇಷ್ಟ್ರು, "ಹಾಗಾದರೆ ತೊಂದರೆ ಏನೂ ಇಲ್ಲ," ಎಂದು ಏಳುವುದರಲ್ಲಿದ್ದರು. ತೊಂದರೆ ಇರುವುದು ಮುಂದೆ.

ಅಮೆರಿಕದಲ್ಲಿ ಸಾಧಾರಣ ರೈಫಲ್ ಇಟ್ಟುಕೊಳ್ಳಬಹುದು, ಪಿಸ್ತೂಲೂ ಇಟ್ಟುಕೊಳ್ಳಬಹುದು. ಆದರೆ ಈ ಎರಡರ ನಡುವೆ ಇರುವ ಒಂದು ವಸ್ತುವನ್ನು, ಎಂದರೆ ಭುಜಕ್ಕೆ ಆನಿಸುವ ಹಿಂಬುಡವಿದ್ದು ನಳಿಗೆ 16 ಅಂಗುಲಕ್ಕೆ ಕಡಮೆಯಿರುವ ರೈಫಲನ್ನು, ಸರ್ಕಾರದಲ್ಲಿ ನೋಂದಾಯಿಸದೆ ಇಟ್ಟುಕೊಂಡರೆ ಹತ್ತು ವರ್ಷದವರೆಗೆ ಸೆರೆ. ಅದಕ್ಕೆ ಗಿಡ್ಡ ನಳಿಗೆಯ ರೈಫಲ್ ಎಂದು ಹೆಸರು. ಚಿಕ್ಕದು ಸರಿ, ದೊಡ್ಡದು ಸರಿ, ಮಧ್ಯದ್ದು ಅಪರಾಧ. ಇದೇಕೆ ಹೀಗೆ ಎಂದು ನೀವು ಕೇಳಬಹುದು. ಮೇಷ್ಟ್ರೂ ಕೇಳಿದರು.

ಕಾರಣವನ್ನು ತಿಳಿಯಬೇಕಾದರೆ 1934ಕ್ಕೆ ಹೋಗಬೇಕು. ಪಾನನಿಷೇಧದ ಕಾಲದಲ್ಲಿ ಕಳ್ಳಭಟ್ಟಿಯ ಗುಂಪುಗಳು ಚಿಕಾಗೊ ಮೊದಲಾದ ನಗರಗಳಲ್ಲಿ ಹಾಡೇ ಹಗಲು ಕೊಲೆಗಳನ್ನು ನಡೆಸಿದವು. 1929ರ ಫೆಬ್ರವರಿಯಲ್ಲಿ ಚಿಕಾಗೊ ನಗರದ ಒಂದು ಗ್ಯಾರೇಜಿನಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಹೊಡೆದರು. ಅಧ್ಯಕ್ಷ ರೂಸ್‌ವೆಲ್ಟರ ಅಟಾರ್ನಿ ಜನರಲ್ ಹೋಮರ್ ಕಮಿಂಗ್ಸ್ ಒಂದು ಮಸೂದೆಯನ್ನು ತಂದರು. ನಿಷೇಧವಲ್ಲ, ತೆರಿಗೆ ಮತ್ತು ನೋಂದಣಿ. ಮೊದಲ ಕರಡಿನಲ್ಲಿ ಯಂತ್ರಬಂದೂಕಿನ ಜೊತೆಗೆ ಪಿಸ್ತೂಲು, ರಿವಾಲ್ವರುಗಳೂ ಸೇರಿದ್ದವು. ಪಿಸ್ತೂಲಿಗೆ ಕಟ್ಟುಪಾಡು ಹಾಕಿದ ಮೇಲೆ, ಜನ ರೈಫಲ್ಲಿನ ನಳಿಗೆಯನ್ನು ಗರಗಸದಿಂದ ಕೊಯ್ದು ಕೋಟಿನೊಳಗೆ ಅಡಗಿಸಿಕೊಂಡರೆ ಗತಿಯೇನು? ಆದ್ದರಿಂದ ಕೊಯ್ದ ರೈಫಲ್ಲು, ಕೊಯ್ದ ಶಾಟ್‌ಗನ್ನುಗಳನ್ನೂ ಸೇರಿಸಿದರು. ಅದು ತರ್ಕಬದ್ಧವಾಗಿಯೇ ಇದ್ದಿತು. ಆದರೆ ಕಾಂಗ್ರೆಸ್ಸಿನಲ್ಲಿ ಚರ್ಚೆ ಬೆಳೆದು, ವಿರೋಧ ಹೆಚ್ಚಿ, ಪಿಸ್ತೂಲು ರಿವಾಲ್ವರುಗಳನ್ನು ಮಸೂದೆಯಿಂದ ತೆಗೆದುಹಾಕಿದರು. ಕೊಯ್ದ ರೈಫಲ್ ಮಾತ್ರ ಉಳಿಯಿತು. ಮನೆಯನ್ನೇ ಕೆಡವಿದ ಮೇಲೆ ಬೇಲಿ ನಿಂತ ಹಾಗಾಯಿತು. ತೊಂಬತ್ತು ವರ್ಷಗಳಿಂದ ಜನ ಆ ಬೇಲಿಯನ್ನು ಎಡವುತ್ತಿದ್ದಾರೆ.

ತೆರಿಗೆ 200 ಡಾಲರು. ಆಗ ಟಾಮಿ ಗನ್ನಿನ ಬೆಲೆಯೇ ಸುಮಾರು ಅಷ್ಟಿತ್ತಾದುದರಿಂದ ಅದು ತೆರಿಗೆಯ ವೇಷದ ನಿಷೇಧವೇ ಸರಿ. ಆ ಮೊತ್ತವನ್ನು ಏರಿಸಲೇ ಇಲ್ಲ. 2025ರ ಜುಲೈಯಲ್ಲಿ ಆದ ಒಂದು ಶಾಸನದಿಂದ 2026ರ ಜನವರಿ 1ರಿಂದ ಗಿಡ್ಡ ರೈಫಲ್ಲಿಗೆ ಅದು ಸೊನ್ನೆಯಾಗಿದೆ. ತೆರಿಗೆ ಹೋಯಿತೆಂದು ಹಿಗ್ಗಿದವರು ಒಂದು ಮಾತನ್ನು ಮರೆಯುತ್ತಾರೆ: ನೋಂದಣಿ ಹೋಗಿಲ್ಲ. ಅರ್ಜಿ, ಬೆರಳಚ್ಚು, ಭಾವಚಿತ್ರ, ಅನುಮತಿ ಬರುವವರೆಗೆ ಕಾಯುವುದು, ಎಲ್ಲವೂ ಇದ್ದೇ ಇದೆ. ಅನುಮತಿಗೆ ಮುಂಚೆ ಜೋಡಿಸಿದರೆ ಶಿಕ್ಷೆಯೂ ಇದೆ.

16 ಅಂಗುಲ ಎಂಬುದಾದರೂ ಶಿಲಾಲೇಖವಲ್ಲ. 1934ರಲ್ಲಿ ಅದು 18 ಅಂಗುಲವಾಗಿತ್ತು. ರೈಫಲ್ಲಿಗೆ 16ಕ್ಕೆ ಇಳಿಸಿದುದು 1960ರಲ್ಲಿ. ಶಾಟ್‌ಗನ್ನಿಗೆ ಈಗಲೂ 18. ಅಳೆಯುವುದು ಹೊರಗಿನಿಂದಲ್ಲ. ಒಳಬಾಗಿಲು ಮುಚ್ಚಿರುವಾಗ ನಳಿಗೆಯ ಬಾಯಿಂದ ಒಂದು ಕಡ್ಡಿಯನ್ನು ತಳ ಮುಟ್ಟುವವರೆಗೆ ಇಳಿಸಿ, ಗುರುತು ಹಾಕಿ, ತೆಗೆದು ಅಳೆಯುತ್ತಾರೆ. "ಒಂದು ನೂಲು ಕಡಮೆಯಿದ್ದರೆ?" ಎಂದರು ಮೇಷ್ಟ್ರು. ಒಂದು ನೂಲು ಕಡಮೆಯಿದ್ದರೂ ಕಡಮೆಯೇ.

ಅಳತೆಯ ಮಾತು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಐಡಹೊ ರಾಜ್ಯದ ರೂಬಿ ರಿಜ್ ಪ್ರಕರಣವುಂಟು. 1989ರಲ್ಲಿ ಒಬ್ಬಾತ ನಳಿಗೆ ಕೊಯ್ದ ಎರಡು ಶಾಟ್‌ಗನ್ನುಗಳನ್ನು ಸರ್ಕಾರದ ಗುಪ್ತ ಮಾಹಿತಿದಾರನಿಗೆ ಮಾರಿದನೆಂದು ಆರೋಪ. ಆತ ಕೋರ್ಟಿಗೆ ಬರಲಿಲ್ಲ. ಬೆಟ್ಟದ ಮೇಲಿನ ಮನೆಯಲ್ಲೇ ಉಳಿದ. 1992ರ ಆಗಸ್ಟಿನಲ್ಲಿ ಮುತ್ತಿಗೆಯಾಯಿತು. ಆತನ ಹೆಂಡತಿ, ಹದಿನಾಲ್ಕು ವರ್ಷದ ಮಗ, ಒಬ್ಬ ಫೆಡರಲ್ ಅಧಿಕಾರಿ, ಮೂವರೂ ಸತ್ತರು. ಮರುವರ್ಷ ಜ್ಯೂರಿಯವರು ಆ ಮೊದಲ ಶಾಟ್‌ಗನ್ ಆರೋಪದಿಂದ ಆತನನ್ನು ಬಿಡುಗಡೆ ಮಾಡಿದರು.

ಇನ್ನು ಜೋಡಿಸುವವನ ಕಥೆಗೆ ಬರೋಣ. ಇವನು ಕೊಯ್ಯುವವನಲ್ಲ, ಹೊಸ ಭಾಗಗಳನ್ನು ಕೂಡಿಸುವವನು. ಇವನ ವಿಷಯದಲ್ಲಿ ಕಾನೂನು ಕೇಳುವ ಪ್ರಶ್ನೆ ಬಹಳ ವಿಚಿತ್ರವಾದುದು: ಈ ಒಡಲು ಮೊಟ್ಟಮೊದಲು ಏನಾಗಿ ಹುಟ್ಟಿತು?

ಪಿಸ್ತೂಲೆಂದರೆ, ನಿಯಮದ ಮಾತಿನಲ್ಲಿ, ಒಂದು ಕೈಯಲ್ಲಿ ಹಿಡಿದು ಹಾರಿಸಲೆಂದು ಮೂಲತಃ ರೂಪಿಸಿ, ಮಾಡಿ, ಉದ್ದೇಶಿಸಿದ ಕೋವಿ. ರೈಫಲ್ ಎಂದರೆ ಭುಜದಿಂದ ಹಾರಿಸಲೆಂದು ಮಾಡಿದುದು ಅಥವಾ ಮಾರ್ಪಡಿಸಿದುದು. ಪಿಸ್ತೂಲಿನ ವ್ಯಾಖ್ಯೆಯಲ್ಲಿ 'ಮೂಲತಃ' ಎಂಬ ಒಂದು ಮಾತಿದೆ, ನೋಡಿ. ಎಲ್ಲ ಕಷ್ಟವೂ ಅದರೊಳಗಿದೆ. ಖಾಲಿ ರಿಸೀವರಿಗೆ ಮೊದಲು ಚಿಕ್ಕ ನಳಿಗೆ ಸೇರಿಸಿ ಪಿಸ್ತೂಲು ಮಾಡಿದಿರಿ ಎನ್ನಿ. ಆಮೇಲೆ ಉದ್ದ ನಳಿಗೆ, ಹಿಂಬುಡ ಹಾಕಿ ರೈಫಲ್ ಮಾಡಬಹುದು. ಬೇಸರವಾದರೆ ಮರಳಿ ಪಿಸ್ತೂಲನ್ನೂ ಮಾಡಬಹುದು. ಆದರೆ ಅದೇ ರಿಸೀವರಿಗೆ ಮೊದಲು ಹಿಂಬುಡ, ಉದ್ದ ನಳಿಗೆ ಹಾಕಿದಿರೋ, ಅದು ರೈಫಲ್ ಆಗಿ ಹುಟ್ಟಿತು. ನಾಳೆ ಹಿಂಬುಡವನ್ನು ಕಿತ್ತು ಚಿಕ್ಕ ನಳಿಗೆ ಹಾಕಿದರೆ ಅದು ಪಿಸ್ತೂಲಾಗುವುದಿಲ್ಲ. 'ರೈಫಲ್ಲಿನಿಂದ ಮಾಡಿದ ಆಯುಧ'ವಾಗುತ್ತದೆ. ನೋಂದಣಿ ಇಲ್ಲದಿದ್ದರೆ ಅಪರಾಧ. ಒಂದೇ ರಿಸೀವರ್, ಒಂದೇ ನಳಿಗೆ, ಒಂದೇ ಮೊಳೆ. ಪಕ್ಕದಲ್ಲಿಟ್ಟರೆ ಇದು ಯಾವುದು ಅದು ಯಾವುದು ಎಂದು ತಯಾರಿಸಿದವನೂ ಹೇಳಲಾರ. ಒಂದು ನಿರಪರಾಧ, ಇನ್ನೊಂದು ಹತ್ತು ವರ್ಷ. ಈ ಕಾನೂನು ಮುಖ ನೋಡುವುದಿಲ್ಲ, ಜಾತಕ ನೋಡುತ್ತದೆ ಎಂದು ಮೇಷ್ಟ್ರಿಗೆ ಹೇಳಿದೆ. ಅವರಿಗೆ ನಗು ಬರಲಿಲ್ಲ.

ಇದು ನಾನು ಕಟ್ಟಿದ ಮಾತಲ್ಲ. ಮದ್ಯ, ತಂಬಾಕು, ಕೋವಿ, ಸ್ಫೋಟಕಗಳನ್ನು ನೋಡಿಕೊಳ್ಳುವ ಅಮೆರಿಕದ ಇಲಾಖೆ, ಎ.ಟಿ.ಎಫ್., 2011ರ ಜುಲೈಯಲ್ಲಿ ಹೊರಡಿಸಿದ ನಿರ್ಣಯದಲ್ಲಿ ಇದನ್ನೇ ಹೇಳಿದೆ. ಆದ್ದರಿಂದ ಎಚ್ಚರವುಳ್ಳವರು ಮೊದಲು ಪಿಸ್ತೂಲಾಗಿಯೇ ಜೋಡಿಸಿ, ತಾರೀಖು ಕಾಣುವಂತೆ ಒಂದು ಚಿತ್ರ ತೆಗೆದು, ಅಂಗಡಿಯ ರಸೀದಿಯೊಡನೆ ಇಟ್ಟುಕೊಳ್ಳುತ್ತಾರೆ. ರೈಫಲ್ಲಿನಿಂದ ಪಿಸ್ತೂಲಿಗೆ ಮರಳುವಾಗ ಹಿಂಬುಡವನ್ನು ಮೊದಲು ತೆಗೆದು ಆಮೇಲೆ ಚಿಕ್ಕ ನಳಿಗೆಯನ್ನು ಮುಟ್ಟುತ್ತಾರೆ. ಹಿಂಬುಡವೂ ಚಿಕ್ಕ ನಳಿಗೆಯೂ ಒಂದು ನಿಮಿಷ ಒಂದೇ ಒಡಲಿನಲ್ಲಿದ್ದರೆ ಆ ನಿಮಿಷದಲ್ಲಿ ಗಿಡ್ಡ ರೈಫಲ್ ತಯಾರಾದ ಹಾಗೆಯೇ. ಮುಂಭಾಗದಲ್ಲಿ ಇನ್ನೊಂದು ಕೈಗೆಂದು ನೆಟ್ಟಗಿನ ಹಿಡಿಯೊಂದನ್ನು ಸಿಕ್ಕಿಸುವುದರಲ್ಲೂ ಅಪಾಯವಿದೆ: ಎರಡು ಹಿಡಿಯದು ಒಂದು ಕೈಯ ಆಯುಧವಾಗಿ ಉಳಿಯಲಿಲ್ಲ, ಅದು ನೋಂದಾಯಿಸಬೇಕಾದ ಬೇರೆ ವರ್ಗಕ್ಕೆ ಸೇರುತ್ತದೆ ಎಂಬುದು ಇಲಾಖೆಯ ನಿಲುವು. ಕೆಲವು ರೂಪಾಯಿಯ ಪ್ಲಾಸ್ಟಿಕ್ ತುಂಡು.

ಜೋಡಿಸದೆ ಬರಿದೆ ಭಾಗಗಳನ್ನು ಒಟ್ಟಿಗೆ ಇಟ್ಟುಕೊಂಡರೆ? ಇದು ಅವರ ಸುಪ್ರೀಂ ಕೋರ್ಟಿನವರೆಗೆ ಹೋದ ಪ್ರಶ್ನೆ. ಥಾಂಪ್ಸನ್ ಸೆಂಟರ್ ಎಂಬ ಕಂಪನಿಯವರು ಕಂಟೆಂಡರ್ ಎಂಬ ಪಿಸ್ತೂಲನ್ನು ಮಾರುತ್ತಿದ್ದರು. ಜೊತೆಗೆ ಒಂದು ಪೆಟ್ಟಿಗೆ: ಅದರಲ್ಲಿ 21 ಅಂಗುಲದ ನಳಿಗೆ ಮತ್ತು ಹಿಂಬುಡ. ಎರಡನ್ನೂ ಹಾಕಿದರೆ ಸಾಧಾರಣ ರೈಫಲ್, ತಪ್ಪಿಲ್ಲ. ಆದರೆ ಇಲಾಖೆಯವರು, ಕೊಂಡವನು ಹಿಂಬುಡವನ್ನು ಪಿಸ್ತೂಲಿನ ಹತ್ತು ಅಂಗುಲದ ನಳಿಗೆಯೊಡನೆಯೂ ಸೇರಿಸಬಹುದಲ್ಲವೆ, ಆದ್ದರಿಂದ ಪೆಟ್ಟಿಗೆಯೇ ಗಿಡ್ಡ ರೈಫಲ್ ಎಂದರು. ಕಂಪನಿಯವರು 200 ಡಾಲರು ತೆರಿಗೆ ಕಟ್ಟಿ, ರಸೀದಿ ಪಡೆದು, ಅದನ್ನು ವಾಪಸು ಕೊಡಿ ಎಂದು ದಾವೆ ಹೂಡಿದರು. ಅಂಥ ದಾವೆಯೇ ಸರಿಯಾದ ದಾವೆ. ಜೈಲಿಗೆ ಹೋಗಿ ನ್ಯಾಯ ಕೇಳುವುದಕ್ಕಿಂತ ಹಣ ಕಟ್ಟಿ ಕೇಳುವುದು ಲೇಸು. 1992ರ ಜೂನ್‌ನಲ್ಲಿ ಐವರು ನ್ಯಾಯಮೂರ್ತಿಗಳು ಕಂಪನಿಯ ಪರ, ನಾಲ್ವರು ವಿರುದ್ಧ. ಶಾಸನದ ಮಾತು ಇಬ್ಬಗೆಯಾಗಿದ್ದಾಗ, ಅದಕ್ಕೆ ಕ್ರಿಮಿನಲ್ ಶಿಕ್ಷೆಯೂ ಅಂಟಿಕೊಂಡಿದ್ದಾಗ, ಸಂಶಯದ ಲಾಭ ಪ್ರಜೆಗೆ ಎಂದು ನ್ಯಾಯಮೂರ್ತಿ ಸೌಟರ್ ಬರೆದರು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಜನ ಓದುವುದಿಲ್ಲ. ಇಟ್ಟುಕೊಂಡ ಭಾಗಗಳಿಂದ ಗಿಡ್ಡ ರೈಫಲ್ ಬಿಟ್ಟು ಬೇರೆ ಉಪಯುಕ್ತವಾದುದೇನನ್ನೂ ಮಾಡಲಾಗದಿದ್ದರೆ, ಜೋಡಿಸದಿದ್ದರೂ ಜೋಡಿಸಿದಂತೆಯೇ. ಎಂದರೆ ಮನೆಯಲ್ಲಿ ಒಂದೇ ಪಿಸ್ತೂಲು ಇದ್ದು, ಉದ್ದ ನಳಿಗೆ ಯಾವುದೂ ಇಲ್ಲದೆ, ಪಕ್ಕದಲ್ಲಿ ಒಂದು ಹಿಂಬುಡ ಮಾತ್ರ ಬಿದ್ದಿದ್ದರೆ ಅದು ಕೆಟ್ಟ ಸಹವಾಸ.

'ನನಗೆ ಗೊತ್ತಿರಲಿಲ್ಲ' ಎಂದರೆ ನಡೆಯುತ್ತದೆಯೆ? ಅರ್ಧ ನಡೆಯುತ್ತದೆ. 1994ರಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದ ಒಬ್ಬನ ಏ.ಆರ್.-15 ಒಳಗೆ ಸೈನ್ಯದ ಎಂ-16ರ ಭಾಗಗಳು ಸೇರಿದ್ದು, ಅದು ಯಂತ್ರಬಂದೂಕಿನಂತೆ ಸತತವಾಗಿ ಹಾರುವಂತಾಗಿತ್ತು. ನನ್ನ ಕೈಯಲ್ಲಿ ಅದು ಎಂದೂ ಹಾಗೆ ಹಾರಲಿಲ್ಲ, ನನಗೆ ತಿಳಿದಿರಲಿಲ್ಲ ಎಂದ. ಕೋವಿಯ ಆ ಗುಣ ಅವನಿಗೆ ತಿಳಿದಿತ್ತೆಂದು ಸರ್ಕಾರ ರುಜುವಾತು ಮಾಡಬೇಕು ಎಂದು ನ್ಯಾಯಾಲಯ ಹೇಳಿತು. ವಸ್ತುವಿನ ಗುಣ ತಿಳಿಯದಿದ್ದರೆ ರಕ್ಷಣೆ ಉಂಟು; ಕಾನೂನು ತಿಳಿಯದಿದ್ದರೆ ಇಲ್ಲ. ನಳಿಗೆ 10 ಅಂಗುಲವೆಂದು ಗೊತ್ತಿದ್ದು, ಅದು ತಪ್ಪೆಂಬುದು ಮಾತ್ರ ಗೊತ್ತಿರಲಿಲ್ಲ ಎನ್ನುವವನಿಗೆ ಆ ತೀರ್ಪು ನೆರವಾಗದು.

ಕಾನೂನು ತಿಳಿದುಕೊಳ್ಳೋಣವೆಂದರೆ ಅದೂ ಒಂದೆಡೆ ನಿಲ್ಲಲಿಲ್ಲ. ಬ್ರೇಸ್ ಎಂಬ ತೋಳುಪಟ್ಟಿಯ ಕಥೆ ಕೇಳಿ. 2012ರಲ್ಲಿ ಮಾಜಿ ಸೈನಿಕನೊಬ್ಬ, ಅಂಗವಿಕಲನಾದ ತನ್ನ ಗೆಳೆಯನು ಈ ಭಾರವಾದ ಪಿಸ್ತೂಲನ್ನು ಒಂದು ಕೈಯಲ್ಲಿ ಸ್ಥಿರವಾಗಿ ಹಿಡಿಯಲೆಂದು, ಹಿಂಭಾಗಕ್ಕೆ ಸಿಕ್ಕಿಸಿ ಮುಂಗೈಗೆ ಬಿಗಿಯುವ ಒಂದು ಪಟ್ಟಿಯನ್ನು ಕಂಡುಹಿಡಿದ. ಇದರಿಂದ ಪಿಸ್ತೂಲು ರೈಫಲ್ ಆಗದು ಎಂದು ಇಲಾಖೆ ಆ ವರ್ಷವೇ ಪತ್ರ ಬರೆದು ಕೊಟ್ಟಿತು. ಪಟ್ಟಿ ಲಕ್ಷಗಟ್ಟಲೆ ಮಾರಿತು. ಕೊಂಡವರೆಲ್ಲ ಅಂಗವಿಕಲರಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಮುಂಗೈಗೆ ಬಿಗಿಯುವುದಕ್ಕೆ ಬದಲು ಭುಜಕ್ಕೆ ಒತ್ತಿಕೊಂಡರು. 2015ರಲ್ಲಿ ಇಲಾಖೆ, ಭುಜಕ್ಕೆ ಒತ್ತಿ ಹಾರಿಸಿದರೆ ನೀವು ಅದನ್ನು ಮಾರ್ಪಡಿಸಿದಂತೆ ಎಂದಿತು. 2017ರಲ್ಲಿ, ಆಗೊಮ್ಮೆ ಈಗೊಮ್ಮೆ ಭುಜ ತಾಕಿದ ಮಾತ್ರಕ್ಕೆ ಹಾಗಾಗುವುದಿಲ್ಲ ಎಂದಿತು. 2021ರ ಮಾರ್ಚಿಯಲ್ಲಿ ಕೊಲೊರಾಡೊ ರಾಜ್ಯದ ಬೌಲ್ಡರ್ ನಗರದ ಒಂದು ದಿನಸಿ ಮಳಿಗೆಯಲ್ಲಿ ಒಬ್ಬನು ಇಂಥ ತೋಳುಪಟ್ಟಿಯ ಪಿಸ್ತೂಲಿನಿಂದ ಹತ್ತು ಜನರನ್ನು ಕೊಂದ. ಎರಡು ವರ್ಷದ ಹಿಂದೆ ಒಹಾಯೊದ ಡೇಟನ್‌ನಲ್ಲೂ ಒಂಬತ್ತು ಜನ ಹೀಗೆಯೇ ಸತ್ತಿದ್ದರು. ಇಲಾಖೆಯ ಮೇಲೆ ಒತ್ತಡ ಬಂದುದು ಸಹಜವೇ. ಅದನ್ನು ನಾನು ಹೀಗಳೆಯಲಾರೆ.

ಆ ವರ್ಷ ಹೊರಟ ಕರಡಿನಲ್ಲಿ ಒಂದು ಅಂಕಪಟ್ಟಿಯೇ ಇದ್ದಿತು. ಹಿಂಭಾಗದ ಉದ್ದಕ್ಕೆ ಇಷ್ಟು, ಆಕಾರಕ್ಕೆ ಇಷ್ಟು, ಪಟ್ಟಿಯ ಬಗೆಗೆ ಇಷ್ಟು ಎಂದು ಅಂಕ. ಒಂದು ವಿಭಾಗದಲ್ಲಿ ನಾಲ್ಕು ಬಂದರೆ ಅದು ರೈಫಲ್. ಮೇಷ್ಟ್ರು ಮೊದಲ ಬಾರಿಗೆ ಆಸಕ್ತಿಯಿಂದ ಮುಂದೆ ಬಾಗಿ, "ಹೆಚ್ಚು ಅಂಕ ಬಂದರೆ ನಪಾಸೋ?" ಎಂದರು. ಹೌದು. ಆದರೆ 2023ರ ಜನವರಿಯ ಅಂತಿಮ ನಿಯಮದಲ್ಲಿ ಅಂಕಗಳನ್ನೂ ಬಿಟ್ಟು, ಎಲ್ಲವನ್ನೂ ಒಟ್ಟಾಗಿ ನೋಡಿ ತೀರ್ಮಾನಿಸುವುದಾಗಿ ಹೇಳಿದರು. ಇಟ್ಟುಕೊಂಡವರಿಗೆ ಮೇ 31ರವರೆಗೆ ಗಡುವು: ತೆರಿಗೆಯಿಲ್ಲದೆ ನೋಂದಾಯಿಸಿ, ಇಲ್ಲವೆ ಪಟ್ಟಿ ಕಿತ್ತುಹಾಕಿ, ಇಲ್ಲವೆ ಉದ್ದ ನಳಿಗೆ ಹಾಕಿ, ಇಲ್ಲವೆ ಒಪ್ಪಿಸಿ, ಇಲ್ಲವೆ ನಾಶಮಾಡಿ. ಸರ್ಕಾರದ ಅಂದಾಜಿನಂತೆಯೇ ಇಂಥವು ಮೂವತ್ತು ಲಕ್ಷ ಇದ್ದವು. ಅರ್ಜಿ ಹಾಕಿದವರು ಸುಮಾರು ಎರಡೂವರೆ ಲಕ್ಷ. ಮಿಕ್ಕವರಲ್ಲಿ ಎಷ್ಟೋ ಜನ ಏನೂ ಮಾಡದೆ, ಏನಾಗಿದ್ದೇವೆಂದು ತಿಳಿಯದೆ ಕುಳಿತರು. ಒಂದು ವರ್ಷದ ಮೇಲೆ, 2024ರ ಜೂನ್ 13ರಂದು, ಟೆಕ್ಸಾಸಿನ ಫೆಡರಲ್ ನ್ಯಾಯಾಲಯವೊಂದು ನಿಯಮವನ್ನೇ ರದ್ದುಪಡಿಸಿತು. ಇಲಾಖೆ ಕೊಟ್ಟ ಮಾತನ್ನು ತಿರುಗಿಸಿದ ರೀತಿ ಸರಿಯಲ್ಲವೆಂಬುದು ಅದರ ಸಾರ. ನಿಯಮ ಹೋಯಿತು, 1934ರ ಶಾಸನ ಇದ್ದೇ ಇದೆ. ತೋಳುಪಟ್ಟಿ ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ನಿಜವಾದ ಹಿಂಬುಡ ತೋಳುಪಟ್ಟಿಯಾಗದು.

ಇದಿಷ್ಟು ಒಕ್ಕೂಟದ ಕಾನೂನು. ರಾಜ್ಯಗಳದು ಬೇರೆ. ಟೆಕ್ಸಾಸಿನಲ್ಲಿ ನಡೆಯುವುದು ಕ್ಯಾಲಿಫೋರ್ನಿಯದಲ್ಲಿ ನಡೆಯದು. ಅಲ್ಲಿ ಸ್ವಂತಕ್ಕೆ ಕಟ್ಟುವವನು ಮೊದಲು ರಾಜ್ಯದ ನ್ಯಾಯ ಇಲಾಖೆಯಿಂದ ಕ್ರಮಸಂಖ್ಯೆ ಪಡೆಯಬೇಕು, ಆಯುಧದ ರೂಪದ ಮೇಲೂ ಕಟ್ಟಳೆಗಳಿವೆ. ನಮ್ಮ ಹುಡುಗರು ಆಸ್ಟಿನ್‌ನಿಂದ ಸ್ಯಾನ್ ಹೋಸೆಗೆ ಕೆಲಸ ಬದಲಾಯಿಸುವುದು ಇಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಹೋದಷ್ಟು ಸಲೀಸು. ಸಾಮಾನಿನ ಲಾರಿಯೊಳಗೆ ಅದೂ ಹೋದರೆ ಗಡಿ ದಾಟಿದಾಗ ಅದರ ಹೆಸರೇ ಬದಲಾದೀತು.

ಇಷ್ಟನ್ನೂ ಒಂದು ಗಂಟೆ ಹೇಳಿ, ಕಾಫಿ ಬಂದು, ಲೋಟ ಕೆಳಗಿಟ್ಟ ಮೇಲೆ ನನಗೆ ಹೊಳೆದ ಪ್ರಶ್ನೆಯನ್ನು ನಾನು ಮೊಟ್ಟಮೊದಲೇ ಕೇಳಬೇಕಾಗಿತ್ತು. ನಳಿಗೆಯ ಅಂಗುಲ, ಹುಟ್ಟಿದ ಜಾತಕ ಎಂದು ಪಾಂಡಿತ್ಯದಲ್ಲಿ ಮುಳುಗಿದವನಿಗೆ ಹುಡುಗನ ನೆನಪೇ ಆಗಿರಲಿಲ್ಲ.

"ಮೇಷ್ಟ್ರೆ, ಅವನಿಗೆ ಗ್ರೀನ್ ಕಾರ್ಡ್ ಬಂದಿದೆಯೆ?"

"ಎಲ್ಲಿಯದು! ಅರ್ಜಿ ಹಾಕಿದ್ದಾನೆ. ಇನ್ನೂ ಎಚ್-1ಬಿ ವೀಸಾದಲ್ಲೇ ಇದ್ದಾನೆ."

ಅಲ್ಲಿಗೆ ನಾನು ಹೇಳಿದ್ದೆಲ್ಲ ಬೇರೆಯವರ ಕಥೆಯಾಯಿತು. 1998ರಿಂದ ಅಮೆರಿಕದ ಕಾನೂನು ಹೀಗಿದೆ: ತಾತ್ಕಾಲಿಕ ವೀಸಾದ ಮೇಲೆ ದೇಶದೊಳಗೆ ಬಂದಿರುವವರು, ಎಂದರೆ ಎಚ್-1ಬಿ ಕೆಲಸಗಾರರು, ಅವರ ಸಂಸಾರದವರು, ಎಫ್-1 ವಿದ್ಯಾರ್ಥಿಗಳು, ಕೋವಿಯನ್ನಾಗಲಿ ತೋಟಾಗಳನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಪಿಸ್ತೂಲೋ ರೈಫಲ್ಲೋ ಎಂಬ ಚರ್ಚೆಯೇ ಏಳುವುದಿಲ್ಲ. ಖಾಲಿ ರಿಸೀವರ್ ಕೂಡ ಕೋವಿಯೇ ಎಂದು ಆಗಲೇ ಹೇಳಿದೆನಲ್ಲ. ಅದನ್ನು ಕೈಗೆ ತೆಗೆದುಕೊಂಡ ಗಳಿಗೆಯೇ ಅಪರಾಧ. ಶಿಕ್ಷೆ ಹತ್ತು ವರ್ಷವಿದ್ದುದು 2022ರಿಂದ ಹದಿನೈದು ವರ್ಷದವರೆಗೆ ಏರಿದೆ. ಅಂಗಡಿಯ ಅರ್ಜಿಯಲ್ಲಿ ವೀಸಾದ ಪ್ರಶ್ನೆಯನ್ನು ಕೇಳಿಯೇ ಇದ್ದಾರೆ. ಅದಕ್ಕೆ ಸುಳ್ಳು ಉತ್ತರ ಬರೆದರೆ ಅದು ಇನ್ನೊಂದು ಅಪರಾಧ. ಸೆರೆವಾಸ ಮುಗಿದ ಮೇಲೆ ಗಡೀಪಾರು, ಏಕೆಂದರೆ ಕೋವಿಯ ಅಪರಾಧ ಗಡೀಪಾರಿನ ಪಟ್ಟಿಯಲ್ಲಿ ಹೆಸರಿಟ್ಟು ಸೇರಿಸಿದ ಅಪರಾಧ.

ಇದಕ್ಕೆ ಒಂದು ಕಿಂಡಿಯಿದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಬೇಟೆಯ ಲೈಸೆನ್ಸು ಕೈಯಲ್ಲಿದ್ದರೆ ಆ ನಿಷೇಧ ತಟ್ಟುವುದಿಲ್ಲ. ಹುಡುಗರು ಒಬ್ಬರಿಂದೊಬ್ಬರು ಕೇಳಿ ಇದನ್ನು ಹಿಡಿದುಕೊಂಡಿರುತ್ತಾರೆ. ಆದರೆ ಲೈಸೆನ್ಸಿನ ವಾಯಿದೆ ಮುಗಿದ ದಿನ ಕಿಂಡಿಯೂ ಮುಚ್ಚುತ್ತದೆ. ಕೋವಿ ಮಾತ್ರ ಬೀರುವಿನಲ್ಲೇ ಇರುತ್ತದೆ. ನವೀಕರಣ ಮರೆತವನು ಮಲಗಿದ್ದಲ್ಲೇ ಅಪರಾಧಿಯಾಗುತ್ತಾನೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ.

ಗುರಿ ಹೊಡೆಯುವ ಮೈದಾನದಲ್ಲಿ ಬಾಡಿಗೆಗೆ ಹಿಡಿದರೂ ಕೈಯಲ್ಲಿದ್ದ ಹಾಗೆಯೇ. ವಿದ್ಯಾರ್ಥಿ ವೀಸಾದಲ್ಲಿ ಬಂದು, ಕಾಲೇಜಿನಿಂದ ತೆಗೆದುಹಾಕಿಸಿಕೊಂಡ ಮೇಲೂ ಫ್ಲಾರಿಡದಲ್ಲಿ ಉಳಿದಿದ್ದ ಒಬ್ಬ ಹುಡುಗ ಅಂಥ ಮೈದಾನಕ್ಕೆ ಹೋಗಿ ಸಿಕ್ಕಿಬಿದ್ದ. 2019ರಲ್ಲಿ ಸುಪ್ರೀಂ ಕೋರ್ಟು, ಅವನಿಗೆ ತನ್ನ ವಾಸದ ಸ್ಥಿತಿ ತಿಳಿದಿತ್ತೆಂದೂ ಸರ್ಕಾರ ತೋರಿಸಬೇಕು ಎಂದಿತು. ಪ್ರತಿ ವರ್ಷ ವೀಸಾದ ಕಾಗದಗಳನ್ನು ಎಣಿಸುತ್ತ ಕೂರುವ ನಮ್ಮ ಇಂಜಿನಿಯರುಗಳು ತಮ್ಮ ಸ್ಥಿತಿ ತಿಳಿಯದೆಂದು ಹೇಳಲಾರರು.

ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಇಲ್ಲಿಗೆ ತಂದು ಜೋಡಿಸಿದರೆ?" ಎಂದರು. ಪಾಪ, ಮಗನ ಹಣ ಪೋಲಾಗಬಾರದೆಂಬ ಯೋಚನೆ.

ನಮ್ಮಲ್ಲಿ ಆ ಬಾಗಿಲು ಇನ್ನೂ ಭದ್ರ. 1959ರ ಆಯುಧ ಶಾಸನದಲ್ಲಿ ಕೋವಿಯ ಬಿಡಿಭಾಗವೂ ಆಯುಧವೇ; ಪಾರ್ಸೆಲ್ಲಿನ ನಳಿಗೆಗೂ ಲೆಕ್ಕ ಹೇಳಬೇಕು. ಸ್ವಂತಕ್ಕೆ ತಾನೇ ಎನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ, ಲೈಸೆನ್ಸಿಲ್ಲದೆ ತಯಾರಿಸುವಂತೆಯೇ ಇಲ್ಲ. ಆರನೆಯ ಕಲಮು ನಳಿಗೆಯನ್ನು ಮೊಟಕು ಮಾಡುವುದನ್ನು ಮೊದಲಿನಿಂದಲೂ ತಡೆದಿತ್ತು. 2019ರ ತಿದ್ದುಪಡಿಯಲ್ಲಿ ಒಂದು ವರ್ಗದ ಕೋವಿಯನ್ನು ಇನ್ನೊಂದು ವರ್ಗಕ್ಕೆ ಬದಲಾಯಿಸುವುದನ್ನೂ ಸೇರಿಸಿದರು. ಏಳು ವರ್ಷಕ್ಕೆ ಕಡಮೆಯಿಲ್ಲದ, ಜೀವಾವಧಿಯವರೆಗೆ ಹೋಗಬಹುದಾದ ಶಿಕ್ಷೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಹು ಕಾಲದಿಂದ ಬಂದಿರುವ ವಿನಾಯಿತಿಯನ್ನು ಕೆಲವರು ಇಲ್ಲಿ ಎತ್ತುವುದುಂಟು. ಅದು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಕೊಟ್ಟ ವಿನಾಯಿತಿ. ಕೊಯ್ದು ಜೋಡಿಸುವುದಕ್ಕೆ ಅಲ್ಲ. ಕೈಲ್‌ಪೊಳ್ದಿನಂದು ಕೋವಿಗೆ ಹೂವಿಟ್ಟು ಪೂಜಿಸುವ ಯಾವ ಕೊಡವನನ್ನು ಕೇಳಿದರೂ ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾನೆ.

ಆ ರಾತ್ರಿ ಅವರು ನಮ್ಮ ಮನೆಯಿಂದಲೇ ಫೋನು ಮಾಡಿದರು. ಟೆಕ್ಸಾಸಿನಲ್ಲಿ ಆಗ ಬೆಳಿಗ್ಗೆ. ಹುಡುಗ ಮೊದಲು, "ಅಪ್ಪಾ, ಇಲ್ಲಿ ಎಲ್ಲಾರೂ ಇಟ್ಕೋತಾರೆ," ಎಂದದ್ದು ನನಗೂ ಕೇಳಿಸಿತು. ಮೇಷ್ಟ್ರು, "ನೀನು ಎಲ್ಲಾರ ಪೈಕಿ ಅಲ್ಲ ಕಣೋ, ಇನ್ನೂ ವೀಸಾದ ಪೈಕಿ," ಎಂದು ಫೋನನ್ನು ನನ್ನ ಕೈಗೆ ಕೊಟ್ಟರು. ನಾನು ಅರ್ಜಿಯಲ್ಲಿರುವ ಪ್ರಶ್ನೆಯನ್ನೂ ಹದಿನೈದು ವರ್ಷದ ಮಾತನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಶನಿವಾರ ಅಂಗಡಿಗೆ ಹೋಗುವುದಿಲ್ಲವೆಂದೂ, ರಿಸೀವರಿಗೆ ಕಟ್ಟಿದ ಮುಂಗಡವನ್ನು ವಾಪಸು ಕೇಳುವೆನೆಂದೂ ಹೇಳಿದ. ಅಡಿಗೆಮನೆಯ ಮೇಜಿನ ಮೇಲಿದ್ದ ನಳಿಗೆ, ಸ್ಪ್ರಿಂಗು, ಮೊಳೆಗಳನ್ನು ಆ ಸಹೋದ್ಯೋಗಿಯೇ ಅರ್ಧ ಬೆಲೆಗೆ ಕೊಂಡನಂತೆ.